ದಾನಕ್ಕೆ ಬಂದ ಮೂರು ಗೋಣಿಚೀಲ: ನಮ್ಮ ಓಣಿ ಗ್ರಂಥಾಲಯಕ್ಕೆ ಪುಸ್ತಕ ನೀತಿ ಬರೆಯೋದು ಹೇಗೆ?

ಓಣಿ ಕಪಾಟು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ಆರು ಜನ ಸೇರಿ ಒಂದು ಸಣ್ಣ ಗ್ರಂಥಾಲಯ ನಡೆಸುತ್ತಿದ್ದೇವೆ. ಸರ್ಕಾರದ್ದಲ್ಲ, ಓಣಿಯವರದ್ದು. ಎರಡು ಕೋಣೆ, ಗೋಡೆಯೊಳಗೇ ಕೂಡಿಸಿದ ಶಹಾಬಾದ್ ಕಲ್ಲಿನ ಕಪಾಟು, ಹದಿನಾಲ್ಕು ಕುರ್ಚಿ. ಪುಸ್ತಕ ಸುಮಾರು 4,000. ಅದರಲ್ಲಿ ನಾವು ದುಡ್ಡು ಕೊಟ್ಟು ತಂದದ್ದು ಸಾವಿರವೂ ಆಗಲಿಕ್ಕಿಲ್ಲ. 2020ರ ಫೆಬ್ರವರಿಯಲ್ಲಿ ನಮ್ಮೂರಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆಗ ಮಳಿಗೆ ಮಳಿಗೆ ತಿರುಗಿ ಆರಿಸಿ ತಂದದ್ದೇ ಅದರಲ್ಲಿ ಜಾಸ್ತಿ. ಮಿಕ್ಕಿದ್ದೆಲ್ಲ ದಾನ.

ನನ್ನ ತಲೆನೋವು ಈ ದಾನದ್ದೇ. ಹೋದ ಭಾನುವಾರ ಬಾಗಿಲ ಮುಂದೆ ಒಂದು ಆಟೋ ನಿಂತಿತು. ಮೂರು ಗೋಣಿಚೀಲ ಇಳಿಸಿ, "ಲೈಬ್ರರಿಗೆ ಕೊಟ್ಟು ಬಾ ಅಂದಾರ್ರಿ" ಅಂತ ಹೇಳಿ ಆಟೋದವನು ಹೊರಟೇ ಹೋದ. ಯಾರು ಕೊಟ್ಟರು, ಏನಿದೆ, ಒಂದೂ ಗೊತ್ತಿಲ್ಲ. ಬಿಚ್ಚಿ ನೋಡಿದರೆ ಹಳೇ ಬಿ.ಎಡ್. ಗೈಡುಗಳು, ಬ್ಯಾಂಕಿನ ಡೈರಿಗಳು, ರಟ್ಟು ಕಿತ್ತ ಇಂಗ್ಲಿಷ್ ಗ್ರಾಮರ್ ಪುಸ್ತಕ, ಒಂದು ಟೆಲಿಫೋನ್ ಡೈರೆಕ್ಟರಿ. ಒಂದು ಸಾಮಾನ್ಯ ಜ್ಞಾನದ ಪುಸ್ತಕ ತೆಗೆದರೆ ಮೊದಲ ಪುಟದಲ್ಲೇ "ಕರ್ನಾಟಕದಲ್ಲಿ 27 ಜಿಲ್ಲೆಗಳಿವೆ" ಅಂತ. ಪಕ್ಕದ ಯಾದಗಿರಿ ಜಿಲ್ಲೆಯಾಗಿದ್ದೇ 2010ರಲ್ಲಿ. ಈಗ 31 ಜಿಲ್ಲೆ. ಇದನ್ನ ನಮ್ಮ ಹುಡುಗರು ಓದಿ ಪರೀಕ್ಷೆಯಲ್ಲಿ ಬರೆದರೆ?

ಆದರೆ ಮೂರನೇ ಚೀಲದ ತಳದಲ್ಲಿ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ಕು ಇತ್ತು. ಕೈಬರಹ, ನೀಲಿ ಮಸಿ. ತತ್ವಪದಗಳು. ಯಾರೋ ಭಜನೆಗೆ ಕೂತಾಗ ಹಾಡಲಿಕ್ಕೆ ಅಂತ ಬರೆದಿಟ್ಟುಕೊಂಡದ್ದು. ಒಂದು ಮೂಲೆಯನ್ನ ಗೆದ್ದಲು ತಿಂದಿತ್ತು. ಚೀಲ ಬಿಚ್ಚದೆ ಹಾಗೇ ರದ್ದಿಗೆ ಹಾಕಿದ್ದರೆ ಏನಾಗುತ್ತಿತ್ತು ಅಂತ ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮಲ್ಲಿ ಒಬ್ಬರು ಎಲ್ಲ ಇಟ್ಟುಕೊಳ್ಳೋಣ ಅಂತಾರೆ. ಇನ್ನೊಬ್ಬರು ಬರೀ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಸಾಕು ಅಂತಾರೆ. ಯಾರು ಆವತ್ತು ಕೂತಿರುತ್ತಾರೋ ಅವರದೇ ನಿಯಮ. ದೊಡ್ಡ ಗ್ರಂಥಾಲಯಗಳಲ್ಲಿ ಯಾವ ಪುಸ್ತಕ ತರಬೇಕು, ಯಾವುದು ಬೇಡ, ಯಾವುದನ್ನ ತೆಗೀಬೇಕು ಅಂತ ಬರೆದಿಟ್ಟ ನೀತಿ ಇರುತ್ತೆ ಅಂತ ಕೇಳಿದ್ದೇನೆ. ನಮ್ಮಂಥ ಎರಡು ಕೋಣೆಯವರಿಗೂ ಅದು ಬೇಕಾ? ಬರೆಯೋದಾದರೆ ಎಲ್ಲಿಂದ ಶುರು ಮಾಡೋದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಮುಲ್ಲಾಮಾರಿ ದಂಡೆ, ಬಸವಕಲ್ಯಾಣ

ನನಗೆ ಎಪ್ಪತ್ತು ದಾಟಿದೆ. ನಮ್ಮ ಕಾಲದಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಒಂದು ಪುಸ್ತಕ ಓದಲಿಕ್ಕೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋದವನು ನಾನು. ಯಾರೋ ಮನೆ ತನಕ ಪುಸ್ತಕ ಕಳಿಸಿದರೆ ನೀವು ಬೇಡ ಅನ್ನೋದು ಹೇಗೆ ಅಂತ ಕೇಳ್ತಾ ಇದ್ದೀರಿ. ಬೇಸರ ಆಯಿತು. ಇವತ್ತು ನಿಮಗೆ ಬೇಡವಾದದ್ದು ನಾಳೆ ಯಾರಿಗೋ ಬೇಕಾಗುತ್ತೆ. ಆ ತತ್ವಪದದ ನೋಟ್‌ಬುಕ್ಕೇ ಅದಕ್ಕೆ ಸಾಕ್ಷಿ ಅಲ್ವಾ? ಇಟ್ಟುಕೊಳ್ಳಿ.

ತೊಗರಿ ಕಣ, ಆಳಂದ

ಎಲ್ಲಿ ಇಡಬೇಕು ಕಾಕಾ? ಎರಡೇ ಕೋಣೆ ಅಂತಾರಲ್ಲ.

ಬಿದರಿ ಹೂಜಿ, ಬೀದರ್

ನಾನು ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕಿ, ಹತ್ತೊಂಬತ್ತು ವರ್ಷದಿಂದ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಕಪಾಟು ಅವರೇ, ನೀತಿ ನಿಮಗೆ ಬೇಕೇ ಬೇಕು. ದೊಡ್ಡವರಿಗಿಂತ ನಿಮಗೇ ಜಾಸ್ತಿ ಬೇಕು. ದೊಡ್ಡ ಗ್ರಂಥಾಲಯಕ್ಕೆ ಜಾಗ ಇದೆ, ತಪ್ಪು ಮಾಡಿದರೂ ಮುಚ್ಚಿ ಹೋಗುತ್ತೆ. ನಿಮ್ಮಲ್ಲಿ ಒಂದು ಬೇಡದ ಪುಸ್ತಕ ಕೂತರೆ ಒಂದು ಬೇಕಾದ ಪುಸ್ತಕ ಹೊರಗೆ ನಿಲ್ಲಬೇಕು. ನಾವು ಇದಕ್ಕೆ ಸಂಗ್ರಹಾಭಿವೃದ್ಧಿ ನೀತಿ ಅಂತೀವಿ. ಹೆಸರು ದೊಡ್ಡದು, ವಿಷಯ ಸಣ್ಣದು. ನಮ್ಮ ಓದುಗರು ಯಾರು, ಅವರಿಗಾಗಿ ಏನು ತರುತ್ತೇವೆ, ಯಾವ ಭಾಷೆಗೆ ಎಷ್ಟು, ದಾನ ಬಂದರೆ ಏನು ಮಾಡುತ್ತೇವೆ, ಯಾವುದನ್ನ ಯಾವಾಗ ತೆಗೆಯುತ್ತೇವೆ, ಯಾರಾದರೂ ತಕರಾರು ಮಾಡಿದರೆ ಯಾರು ತೀರ್ಮಾನ ಮಾಡುತ್ತಾರೆ. ಇಷ್ಟೇ. ಎರಡು ಪುಟ ಸಾಕು.

ನಾನು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ಬರೆದಿಟ್ಟದ್ದು ಏನೂ ಇರಲಿಲ್ಲ. ಒಂದು ವರ್ಷ ಮಾರ್ಚ್ ಕೊನೆಗೆ, ದುಡ್ಡು ವಾಪಸ್ ಹೋಗುತ್ತೆ ಅಂತ ಅವಸರ ಮಾಡಿ, ಪೂರೈಕೆದಾರರು ತಂದ ಪಟ್ಟಿಗೆ ಹಾಗೇ ಸಹಿ ಬಿತ್ತು. ಡಬ್ಬಿ ಒಡೆದರೆ ಒಂದೇ ಮ್ಯಾನೇಜ್‌ಮೆಂಟ್ ಪುಸ್ತಕದ 25 ಪ್ರತಿ. ನಮ್ಮಲ್ಲಿ ಆ ವಿಷಯದ ಕೋರ್ಸೇ ಇರಲಿಲ್ಲ. ಆ 25 ಪುಸ್ತಕದ ಡೇಟ್ ಸ್ಲಿಪ್ಪಿನ ಮೇಲೆ ಇವತ್ತಿಗೂ ಒಂದು ಮುದ್ರೆ ಬಿದ್ದಿಲ್ಲ. ಅದೇ ವರ್ಷ ಕನ್ನಡ ವಿಭಾಗದ ಹುಡುಗಿಯೊಬ್ಬಳು ಒಂದು ಛಂದಸ್ಸಿನ ಪುಸ್ತಕ ಕೇಳಿ ಮೂರು ಸಲ ಬಂದು ಬರಿಗೈಯಲ್ಲಿ ಹೋದಳು. ಅವಳ ಮುಖ ನನಗೆ ಇನ್ನೂ ನೆನಪಿದೆ. ಬರೆದ ನೀತಿ ಒಂದು ಇದ್ದಿದ್ದರೆ ಆ ಪಟ್ಟಿಯನ್ನ ಮುಂದಿಟ್ಟುಕೊಂಡು "ಇದು ನಮ್ಮ ನೀತಿಗೆ ಬರೋದಿಲ್ಲ ಸರ್" ಅಂತ ಹೇಳಬಹುದಿತ್ತು. ಆವತ್ತು ನನ್ನ ಹತ್ತಿರ ಹೇಳಲಿಕ್ಕೆ ಆಧಾರವೇ ಇರಲಿಲ್ಲ.

ಈಗ ತೆಗೆಯೋ ಮಾತು. ನಮ್ಮವರು ಇದಕ್ಕೇ ಹೆದರೋದು. ಕಳೆ ತೆಗೆಯೋದು ಅಂತಲೇ ಈ ಕೆಲಸದ ಹೆಸರು. ಹೊಲ ಮಾಡಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯ ಇದಕ್ಕಾಗಿಯೇ ಒಂದು ಕೈಪಿಡಿ ಮಾಡಿದೆ, ಅದನ್ನ ಕ್ರೂ ಅಂತ ಕರೀತಾರೆ. ಅದರಲ್ಲಿ ಆರು ಪ್ರಶ್ನೆ ಇವೆ. ಪುಸ್ತಕ ದಾರಿ ತಪ್ಪಿಸುತ್ತಾ? ರಿಪೇರಿ ಮಾಡಲಾಗದಷ್ಟು ಹಾಳಾಗಿದೆಯಾ? ಅದಕ್ಕಿಂತ ಒಳ್ಳೆಯದು, ಹೊಸದು ಬಂದಿದೆಯಾ? ಹುರುಳಿಲ್ಲದ್ದಾ? ನಮ್ಮ ಓದುಗರಿಗೆ ಸಂಬಂಧವಿಲ್ಲದ್ದಾ? ಬೇರೆ ಕಡೆ ಸುಲಭವಾಗಿ ಸಿಗುತ್ತಾ? ನಿಮ್ಮ 27 ಜಿಲ್ಲೆಯ ಪುಸ್ತಕ ಮೊದಲನೇ ಪ್ರಶ್ನೆಗೇ ಹೊರಗೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೇ ಕಾನೂನು ಗೈಡು ಓದಿ ಯಾರಾದರೂ ಠಾಣೆಗೆ ಅರ್ಜಿ ಬರೆದರೆ ಅದರ ಹೊಣೆ ಸ್ವಲ್ಪ ನಮ್ಮದೂ ಹೌದು.

ಆದರೆ ಹಳೆಯದು ಅಂದ ಮಾತ್ರಕ್ಕೆ ಬೇಡವಾದದ್ದಲ್ಲ. ಇದನ್ನ ಗಟ್ಟಿಯಾಗಿ ಹೇಳ್ತೀನಿ. ಯಾದಗಿರಿಯನ್ನ ತಾಲ್ಲೂಕು ಅಂತ ಬರೆದಿರೋ ಹಳೇ ಗುಲ್ಬರ್ಗಾ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ವಿವರವೆಲ್ಲ ಇರೋ ಸರ್ಕಾರಿ ಗ್ರಂಥ) ನಿಮಗೆ ಸಿಕ್ಕರೆ ಅದನ್ನ ತಲೆ ಮೇಲೆ ಹೊತ್ತು ತನ್ನಿ. ಗೈಡು ಇವತ್ತಿನ ಮಾತು ಹೇಳಲಿಕ್ಕೆ ಇರೋದು, ಅದು ತಪ್ಪಿದರೆ ಅದರ ಕೆಲಸ ಮುಗಿಯಿತು. ಗೆಜೆಟಿಯರ್ ಅವತ್ತಿನ ಮಾತು ಹೇಳಲಿಕ್ಕೆ ಇರೋದು.

ಇನ್ನು ಆಡಿಟ್ ಭಯ. ನಿಮ್ಮದು ಖಾಸಗಿ, ನಿಮಗೆ ಅಷ್ಟಿಲ್ಲ. ಆದರೆ ಇಲ್ಲಿ ಓದೋ ಸರ್ಕಾರಿ ಗ್ರಂಥಪಾಲಕರಿಗೆ ಹೇಳ್ತೀನಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ 215ನೇ ನಿಯಮ ಓದಿ. ವರ್ಷದಲ್ಲಿ ಎರವಲು ಹೋದ ಅಥವಾ ಓದಲಿಕ್ಕೆ ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ಅಂತ ಅದರಲ್ಲೇ ಇದೆ, ಮೋಸ ಅಥವಾ ಬೇಜವಾಬ್ದಾರಿ ಇರಬಾರದು ಅಷ್ಟೇ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಮತ್ತು ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. 20,000 ಪುಸ್ತಕದ ತನಕ ಇದ್ದರೆ ಪ್ರತಿ ವರ್ಷ ಎಣಿಕೆ, 20,000ದಿಂದ 50,000 ಇದ್ದರೆ ಮೂರು ವರ್ಷಕ್ಕೊಮ್ಮೆ. ಇದು ಕೇಂದ್ರದ ಸಂಸ್ಥೆಗಳಿಗೆ ಮಾಡಿದ ನಿಯಮ, ಆದರೂ ಮಾದರಿಯಾಗಿ ಹಿಡಿಯಲಿಕ್ಕೆ ಒಳ್ಳೇದು. ಒಂದು ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡೀತಾರೆ ಅಂತ ಹೆದರಿ ಗಾಜಿನ ಬೀರುವಿಗೆ ಬೀಗ ಜಡಿದು ಕೂತವರನ್ನ ನಾನು ಬಹಳ ನೋಡಿದ್ದೇನೆ. ಪುಸ್ತಕ ಇರೋದು ಬಳಸಲಿಕ್ಕೆ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಮೊದಲ ಸೂತ್ರ ಬರೆದರು. ಬೀಗದೊಳಗೆ ಇರೋ ಪುಸ್ತಕ ಎಣಿಕೆಗೆ ಸಿಗುತ್ತೆ, ಓದುಗನಿಗೆ ಸಿಗೋದಿಲ್ಲ.

ಮೂರನೇ ಅಟೆಂಪ್ಟು, ಕಲಬುರಗಿ

ನಾನು ಸೇಡಂ ರಸ್ತೆ ಕಡೆ ರೂಮ್ ಮಾಡಿಕೊಂಡು ಓದ್ತಾ ಇದ್ದೀನಿ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಸರ್ಕಾರಿ ಕೆಲಸದ ಯಾವ ಪರೀಕ್ಷೆ ಬಂದರೂ ಬರೆಯೋದು. ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಗ್ರಂಥಾಲಯಕ್ಕೆ ಬೆಳಿಗ್ಗೆಯಿಂದ ರಾತ್ರಿ ತನಕ ಬಂದು ಕೂರೋರು ನಾವು. ಕಥೆ ಕಾದಂಬರಿ ಓದೋರು ವಾರಕ್ಕೊಮ್ಮೆ ಬಂದು ಹೋಗ್ತಾರೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಮೀಸಲಾತಿ ಸಿಕ್ಕಿದೆ, ಅದನ್ನ ಹಿಡಿಯಲಿಕ್ಕೆ ಪುಸ್ತಕ ಬೇಕಲ್ವಾ? ಒಂದು ಒಳ್ಳೇ ಸೆಟ್ಟು ಕೊಳ್ಳೋಕೆ ಮನೆಯಿಂದ ತಿಂಗಳಿಗೆ ಬರೋ ದುಡ್ಡು ಪೂರ್ತಿ ಹೋಗುತ್ತೆ. ಅಪ್ಪ ತೊಗರಿ ಮಾರಿ ಕಳಿಸಿದ ದುಡ್ಡು ಅದು. ನೀತಿ ಬರೆಯೋರು ನಮ್ಮನ್ನ ಓದುಗರು ಅಂತ ಲೆಕ್ಕಕ್ಕೆ ಹಿಡೀಬೇಕು. "ಇವರು ಬರೀ ಗೈಡು ಓದೋರು" ಅಂತ ಒಂದು ಥರ ನೋಡ್ತಾರೆ, ಅದು ನೋವಾಗುತ್ತೆ.

ಓಣಿ ಕಪಾಟು, ಕಲಬುರಗಿ

ತಮ್ಮಾ, ನಿನ್ನ ಮಾತು ಸರಿ ಇದೆ. ನಮ್ಮ ಹದಿನಾಲ್ಕು ಕುರ್ಚಿಯಲ್ಲಿ ಹತ್ತರ ಮೇಲೆ ಕೂರೋರು ನಿನ್ನಂಥವರೇ. ಆದರೆ ಒಂದು ವಿಷಯ ನೋಡು. ಅವರಲ್ಲಿ ಹೆಚ್ಚಿನವರು ಪುಸ್ತಕ ತಮ್ಮದೇ ತರುತ್ತಾರೆ. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಲೈಟು, ಕುಡಿಯೋ ನೀರು. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ರೂಮಿನಲ್ಲಿ ತಗಡಿನ ಕೆಳಗೆ ಕೂತು ಓದಲಿಕ್ಕೆ ಆಗೋದಿಲ್ಲ. ಹಾಗಾದರೆ ನಮ್ಮ ದುಡ್ಡು ಗೈಡಿಗೆ ಹೋಗಬೇಕಾ, ಇನ್ನೂ ಆರು ಕುರ್ಚಿಗೆ ಹೋಗಬೇಕಾ?

ಮೂರನೇ ಅಟೆಂಪ್ಟು, ಕಲಬುರಗಿ

ಸರ್, ಕುರ್ಚಿ ಅಂದರೂ ನನಗೆ ಖುಷಿಯೇ. ಆದರೆ ಬೇಸಿಕ್ ಪುಸ್ತಕ ಒಂದೊಂದು ಸೆಟ್ ಇರಲಿ. 6ರಿಂದ 12ನೇ ತರಗತಿ ತನಕದ ಪಠ್ಯಪುಸ್ತಕಗಳೇ ಎಲ್ಲದಕ್ಕೂ ಬುನಾದಿ. ಎನ್‌ಸಿಇಆರ್‌ಟಿದು ಫೋನಿನಲ್ಲಿ ಪುಕ್ಕಟೆ ಸಿಗುತ್ತೆ ನಿಜ, ಆದರೆ ಫೋನ್ ತೆಗೆದರೆ ಓದು ಹತ್ತು ನಿಮಿಷ, ರೀಲ್ಸ್ ಒಂದು ಗಂಟೆ. ಕಾಗದದ್ದು ಕೊಡಿ.

ಬಿದರಿ ಹೂಜಿ, ಬೀದರ್

ಇದಕ್ಕೆ ನಾವು ಮಾಡಿದ್ದು ಹೇಳ್ತೀನಿ. ಪಠ್ಯಪುಸ್ತಕ, ಸಂವಿಧಾನ, ವ್ಯಾಕರಣ, ನಕಾಶೆ, ಇವು ಬೇಗ ಹಳೇದಾಗೋದಿಲ್ಲ, ಇದಕ್ಕೆ ಧಾರಾಳವಾಗಿ ಖರ್ಚು ಮಾಡ್ತೀವಿ. ಪ್ರಚಲಿತ ಘಟನೆಯ ಪುಸ್ತಕ ಆರು ತಿಂಗಳಿಗೆ ಹಳಸುತ್ತೆ. ಅದನ್ನ ಒಂದೇ ಪ್ರತಿ ತರಿಸಿ, ಮನೆಗೆ ಕೊಡದೆ ಅಲ್ಲೇ ಓದಲಿಕ್ಕೆ ಇಡ್ತೀವಿ. ವರ್ಷ ಮುಗಿದ ಮೇಲೆ ಯಾರು ಕೇಳ್ತಾರೋ ಅವರಿಗೆ ಕೊಟ್ಟುಬಿಡ್ತೀವಿ. ಮತ್ತೆ ಗೈಡಿಗೆ ಒಟ್ಟು ದುಡ್ಡಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಲ್ಲ ಅಂತ ನೀತಿಯಲ್ಲೇ ಬರೆದಿದ್ದೇವೆ. ಆ ಒಂದು ಸಾಲು ಇಲ್ಲದೆ ಹೋಗಿದ್ದರೆ ಇಷ್ಟೊತ್ತಿಗೆ ನಮ್ಮಲ್ಲಿ ಕವಿತೆಯ ಕಪಾಟೇ ಇರುತ್ತಿರಲಿಲ್ಲ.

ಭೀಮಾ ತೀರ, ಯಾದಗಿರಿ

ನಾನು ಹಳ್ಳಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಮೇಲ್ವಿಚಾರಕ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳೆಲ್ಲ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಆಮೇಲೆ ಕಟ್ಟಡಕ್ಕೆ ಬಣ್ಣ ಬಂತು, ಮಕ್ಕಳ ಚಿತ್ರ ಬಂತು, ಓದುವ ಬೆಳಕು ಕಾರ್ಯಕ್ರಮ ಬಂತು, ಮಕ್ಕಳು ಬರೋದು ಜಾಸ್ತಿ ಆಯಿತು. ಇದನ್ನ ಮನಸಾರೆ ಹೇಳ್ತೀನಿ.

ಆದರೆ ಪುಸ್ತಕ ಆರಿಸೋದು ನಮ್ಮ ಕೈಯಲ್ಲಿ ಇಲ್ಲ. ಮೇಲಿಂದ ಕಟ್ಟು ಬರುತ್ತೆ, ನಾವು ಅಕ್ಸೆಷನ್ ರಿಜಿಸ್ಟರಿನಲ್ಲಿ (ಬಂದ ಪುಸ್ತಕಗಳ ದಾಖಲೆ ಪುಸ್ತಕ) ಏರಿಸಿ ಮುದ್ರೆ ಒತ್ತಿ ಇಡ್ತೀವಿ. ಹಾಗಾಗಿ ನಾನು ಒಂದು ಕೆಲಸ ಶುರು ಮಾಡಿದೆ. ಬಾಗಿಲ ಪಕ್ಕ ಮೊಳೆಗೆ ಒಂದು 100 ಪುಟದ ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಮೇಲೆ "ಇಲ್ಲ ಅಂದ ಪುಸ್ತಕ" ಅಂತ ಬರೆದಿದ್ದೇನೆ. ಯಾರು ಏನು ಕೇಳಿ, ನಾನು ಇಲ್ಲ ಅಂದೆನೋ ಅದನ್ನ ಅವರೇ ಬರೀಬೇಕು, ಬರೆಯಲಿಕ್ಕೆ ಬಾರದವರದ್ದು ನಾನು ಬರೀತೀನಿ.

ಒಂದು ವರ್ಷದಲ್ಲಿ ಅದರಲ್ಲಿ ಏನೇನು ಬಂದಿದೆ ನೋಡಿ. ತೊಗರಿಗೆ ನೆಟೆ ರೋಗ ಬಂದರೆ ಏನು ಮಾಡೋದು. ಬ್ಲೌಸ್ ಕಟಿಂಗ್. ಬೋರ್‌ವೆಲ್ ಮೋಟಾರ್ ವೈಂಡಿಂಗ್. ಬಸುರಿ ಹೆಂಗಸು ಏನು ಉಣ್ಣಬೇಕು. ದೇವರ ದಾಸಿಮಯ್ಯನ ವಚನ (ಮುದನೂರು ನಮ್ಮ ಜಿಲ್ಲೆಯದ್ದೇ, ಆದರೂ ನಮ್ಮ ಕಪಾಟಿನಲ್ಲಿ ಇರಲಿಲ್ಲ, ನಾಚಿಕೆಯಾಯಿತು). ಗುರುಮಠಕಲ್ ಕಡೆಯಿಂದ ಸೊಸೆಯಾಗಿ ಬಂದ ಒಬ್ಬಾಕೆ ತೆಲುಗು ಕಥೆ ಪುಸ್ತಕ ಕೇಳಿದಳು. ತಾಂಡಾದ ಹುಡುಗನೊಬ್ಬ "ದೊಡ್ಡ ಅಕ್ಷರದ್ದು" ಅಂತ ಅಷ್ಟೇ ಬರೆದಿದ್ದಾನೆ. ಅವನಿಗೆ ಹತ್ತು ವರ್ಷ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅವನ ವಯಸ್ಸಿನ ಪುಸ್ತಕ ಅವನಿಗೆ ಕಷ್ಟ, ಅವನಿಗೆ ಓದಲಿಕ್ಕೆ ಬರೋ ಪುಸ್ತಕ ಚಿಕ್ಕ ಮಕ್ಕಳದ್ದು ಅಂತ ನಾಚಿಕೆ. ಅಂಥವನಿಗೆ ಅಂತ ಒಂದು ಪುಸ್ತಕ ಹುಡುಕೋದೇ ನನಗೆ ಈ ವರ್ಷದ ದೊಡ್ಡ ಕೆಲಸ ಆಗಿತ್ತು. ಸ್ಟೋರಿವೀವರ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗೋ ಕನ್ನಡ ಕಥೆಗಳನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಪಿನ್ ಹೊಡೆದು ಕೊಟ್ಟೆ. ಅವು ಮುಕ್ತ ಪರವಾನಗಿಯಲ್ಲಿರೋದರಿಂದ ಪ್ರತಿ ತೆಗೆದರೆ ತಪ್ಪಿಲ್ಲ. ಈಗ ಅವನು ತನ್ನ ತಂಗಿಗೆ ಓದಿ ಹೇಳ್ತಾನೆ.

ಆ ನೋಟ್‌ಬುಕ್ಕನ್ನ ಪಂಚಾಯಿತಿ ಸಭೆಗೆ ಒಯ್ದು ತೋರಿಸಿದೆ. ಮುಂಚೆ "ಪುಸ್ತಕ ಬೇಕು" ಅಂತ ಅರ್ಜಿ ಕೊಟ್ಟರೆ ಯಾರೂ ನೋಡ್ತಿರಲಿಲ್ಲ. ಈ ಸಲ ಸದಸ್ಯರೊಬ್ಬರು ತಮ್ಮ ಓಣಿಯವರ ಕೈಬರಹ ಗುರುತು ಹಿಡಿದರು. ಕೃಷಿ ವಿಜ್ಞಾನ ಕೇಂದ್ರದಿಂದ ತೊಗರಿಯ ಕೈಪಿಡಿಗಳು ಅದೇ ತಿಂಗಳು ಬಂದವು. ಕಪಾಟು ಅವರೇ, ನೀತಿ ಬರೆಯೋ ಮೊದಲು ಇಂಥ ಒಂದು ನೋಟ್‌ಬುಕ್ಕು ನೇತು ಹಾಕಿ. ಓದುಗರು ಯಾರು ಅಂತ ನಾವು ಅಂದುಕೊಂಡದ್ದು ಬೇರೆ, ಬಾಗಿಲಿಗೆ ಬಂದು ಬರಿಗೈಯಲ್ಲಿ ಹೋದವರು ಬೇರೆ.

ತೊಗರಿ ಕಣ, ಆಳಂದ

ಇದು ಬಹಳ ಚಲೋ ಐತಿ ಸರ್. ನಾಳೆಯೇ ನಮ್ಮೂರಲ್ಲಿ ಹೇಳ್ತೀನಿ. ಇನ್ನೊಂದು ಮಾತು. ಆಸ್ತಿ ತೆರಿಗೆ ಜೊತೆ ನಾವೆಲ್ಲ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆಯಲ್ಲೇ ಇದೆ. ಹಾಗಿದ್ದ ಮೇಲೆ ಯಾವ ಪುಸ್ತಕ ಬೇಕು ಅಂತ ಕೇಳೋ ಹಕ್ಕು ಕೂಡ ನಮ್ಮದೇ.

ದಖ್ಖನಿ ಓದುಗ, ಕಲಬುರಗಿ

ಭಾಷೆಯ ಮಾತು ಬಂತು, ಅದಕ್ಕೇ ಬರೀತಾ ಇದ್ದೀನಿ. ನಮ್ಮ ಮನೆ ದರ್ಗಾ ಹತ್ತಿರ. ಮನೆಯಲ್ಲಿ ದಖ್ಖನಿ, ಓದಿದ್ದು ಉರ್ದು ಮತ್ತು ಕನ್ನಡ ಎರಡೂ. ಚಿಕ್ಕವನಿದ್ದಾಗ ಹೋಗುತ್ತಿದ್ದ ಒಂದು ಗ್ರಂಥಾಲಯದಲ್ಲಿ ಉರ್ದು ಪುಸ್ತಕ ಇದ್ದವು. ಆದರೆ ಇಟ್ಟವರಿಗೆ ಉರ್ದು ಬರುತ್ತಿರಲಿಲ್ಲ. ಉರ್ದು ಪುಸ್ತಕ ಬಲದಿಂದ ತೆರೆಯುತ್ತೆ ಅಲ್ವಾ? ಅವರು ಎಡಗಡೆಯಿಂದ ತೆರೆದು, ಕೊನೇ ಪುಟವನ್ನೇ ಮೊದಲ ಪುಟ ಅಂತ ತಿಳಿದು ಅಲ್ಲಿ ಮುದ್ರೆ ಹೊಡೆದು, ಸ್ಲಿಪ್ ಅಂಟಿಸಿದ್ದರು. ಒಂದು ಪುಸ್ತಕದಲ್ಲಂತೂ ಗಜಲಿನ ಕೊನೇ ಶೇರ್ ಮೇಲೆಯೇ ಸ್ಲಿಪ್ ಅಂಟಿತ್ತು. ನಾನು ಉಗುರಿನಿಂದ ನಿಧಾನವಾಗಿ ಬಿಡಿಸಿ ಓದಿದ್ದು ಇನ್ನೂ ನೆನಪಿದೆ. ಕಪಾಟಿನ ಮೇಲೆ "ಇತರೆ" ಅಂತ ಚೀಟಿ. ನಮ್ಮೂರಲ್ಲಿ ಉರ್ದು ಇತರೆ ಹೇಗಾಗುತ್ತೆ?

ಇದು ಬರೀ ಒಂದು ಸಮುದಾಯದ ಮಾತಲ್ಲ. ನಿಜಾಮರ ಕಾಲದ ಕಂದಾಯ ಕಾಗದ ಹೆಚ್ಚಾಗಿ ಉರ್ದುವಿನಲ್ಲಿ. ಹೊಲದ ತಂಟೆ ಬಂದರೆ ಅದನ್ನ ಓದಿ ಹೇಳೋರನ್ನ ಹುಡುಕಿಕೊಂಡು ಎಲ್ಲ ಜಾತಿಯ ರೈತರೂ ಅಲೀತಾರೆ. ನನ್ನ ಅಜ್ಜ ಬದುಕಿದ್ದಾಗ ಜೇವರ್ಗಿ, ಅಫಜಲಪುರದಿಂದ ಜನ ಕಾಗದ ಹಿಡಿದು ಬರುತ್ತಿದ್ದರು. ಒಂದು ಒಳ್ಳೇ ಉರ್ದು-ಕನ್ನಡ ನಿಘಂಟು ನಿಮ್ಮ ಪಟ್ಟಿಯಲ್ಲಿ ಮೊದಲು ಇರಲಿ. ಮತ್ತೆ ನೀತಿಯಲ್ಲಿ ಹೀಗೆ ಬರೀರಿ: ಯಾವ ಭಾಷೆಯ ಪುಸ್ತಕವನ್ನ ತಂದರೂ ಆ ಭಾಷೆ ಓದಲಿಕ್ಕೆ ಬರೋ ಒಬ್ಬರು ಆರಿಸಬೇಕು. ನಾನು ಬರ್ತೀನಿ, ಭಾನುವಾರ ಪೂರ್ತಿ ಕೊಡ್ತೀನಿ.

ಕಾಗಿಣಾ ಕಲ್ಲು, ಚಿತ್ತಾಪುರ

ನಮ್ಮ ಚಿತ್ತಾಪುರದ ಪಕ್ಕ ನಾಗಾವಿ ಇದೆ. ಅಲ್ಲಿ ಘಟಿಕಾಸ್ಥಾನ, ಅಂದರೆ ಹಿಂದಿನ ಕಾಲದ ದೊಡ್ಡ ವಿದ್ಯಾಕೇಂದ್ರ, ಇತ್ತು, ದೂರದೂರದಿಂದ ಬಂದು ಓದುತ್ತಿದ್ದರು. ಅಲ್ಲಿನ 1058ರ ಶಾಸನದಲ್ಲಿ ಮೇಷ್ಟ್ರುಗಳ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರ ಮಾತು ಬರುತ್ತೆ. ಅಂದರೆ ಪುಸ್ತಕ ಕಾಯೋರು. ಆರು ಜನ! ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿ ಪುಸ್ತಕ ನೋಡಿಕೊಳ್ಳೋದನ್ನ ಪಾಠ ಹೇಳೋ ಕೆಲಸದ ಸಮಕ್ಕೆ ಇಟ್ಟು ಕಲ್ಲಿನಲ್ಲಿ ಕೆತ್ತಿಸಿದ್ದರು. ನಾನು ಆ ಕಂಬಗಳ ನಡುವೆ ಎಷ್ಟು ಸಲ ಹೋಗಿ ಕೂತಿದ್ದೇನೋ.

ನನ್ನ ಬೇಡಿಕೆ ಒಂದೇ. ನಿಮ್ಮ ನೀತಿಯಲ್ಲಿ ಊರಿನದ್ದಕ್ಕೆ ಅಂತ ಒಂದು ಕಪಾಟು ಬಿಡಿ. ಬೆಂಗಳೂರಿನಲ್ಲಿ ಅಚ್ಚಾದ ಕಾದಂಬರಿ ಎಲ್ಲಾದರೂ ಸಿಗುತ್ತೆ. ಜಾತ್ರೆ ಸಮಿತಿಯ ಸ್ಮರಣ ಸಂಚಿಕೆ, ಶಾಲೆಯ ಬೆಳ್ಳಿ ಹಬ್ಬದ ಪುಸ್ತಕ, ಬಯಲಾಟದ ಕೈಬರಹದ ಪ್ರತಿ, ಮೊಹರಂ ಪದಗಳು, ಕಡಕೋಳ ಮಡಿವಾಳಪ್ಪನವರ ಪದ ಬರೆದಿಟ್ಟ ಭಜನೆ ಪುಸ್ತಕ, ಇವು ಮತ್ತೆಲ್ಲೂ ಸಿಗೋದಿಲ್ಲ. ಇವುಗಳಿಗೆ ಮೇಡಂ ಹೇಳಿದ ಆರು ಪ್ರಶ್ನೆ ಹಾಕಬೇಡಿ. ಹಾಳಾಗಿದ್ದರೂ ಇರಲಿ, ಯಾರೂ ಕೇಳದಿದ್ದರೂ ಇರಲಿ.

ಆ ನೋಟ್‌ಬುಕ್ಕಿಗೆ ಈಗಲೇ ಏನು ಮಾಡಬೇಕು, ಅದನ್ನ ಮೊದಲು ಹೇಳಿ ಯಾರಾದರೂ.

ಬಿದರಿ ಹೂಜಿ, ಬೀದರ್

ಕಾಗಿಣಾ ಅವರ ಮಾತು ನೂರಕ್ಕೆ ನೂರು ಸರಿ, ಊರಿನ ಕಪಾಟಿಗೆ ಕಳೆ ತೆಗೆಯೋ ನಿಯಮ ಹಾಕಬಾರದು.

ನೋಟ್‌ಬುಕ್ಕಿಗೆ: ಮೊದಲು ಬೇರೆ ಪುಸ್ತಕಗಳಿಂದ ದೂರ ಇಡಿ. ಆ ಮೂರೂ ಚೀಲವನ್ನ ಒಳಗೇ ತರಬೇಡಿ, ಎರಡು ವಾರ ಹೊರಗಿನ ಕೋಣೆಯಲ್ಲಿ ಇಟ್ಟು ಹುಳ ಇದೆಯಾ ನೋಡಿ. ಮೆತ್ತನೆ ಬ್ರಷ್‌ನಿಂದ ಪುಟ ಪುಟವಾಗಿ ಧೂಳು ತೆಗೀರಿ. ಬಿಸಿಲಿಗೆ ಹಾಕಬೇಡಿ, ಮಸಿ ಮಾಸುತ್ತೆ. ಸೆಲ್ಲೋ ಟೇಪು ಹಚ್ಚಲೇಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ, ಒಳ್ಳೇ ಮನಸ್ಸಿನಿಂದ ಲ್ಯಾಮಿನೇಶನ್ ಮಾಡಿಸಿ ಕೆಡಿಸಿದ ಕಾಗದ ಎಷ್ಟೋ ನೋಡಿದ್ದೇನೆ. ಕಿಟಕಿ ಬೆಳಕಿನಲ್ಲಿ ಇಟ್ಟು ಫೋನಿನಿಂದಲೇ ಒಂದೊಂದು ಪುಟದ ಫೋಟೋ ತೆಗೀರಿ, ಎರಡು ಕಡೆ ಉಳಿಸಿ. ಓದುಗರಿಗೆ ಆ ಫೋಟೋದ ಪ್ರಿಂಟು ಕೊಡಿ, ಮೂಲ ಪ್ರತಿಯನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಬೀರುವಿನಲ್ಲಿ ಇಡಿ. ಗೋಡೆಯ ಕಲ್ಲಿನ ಕಪಾಟು ಮಳೆಗಾಲದಲ್ಲಿ ತೇವ ಹಿಡಿಯುತ್ತೆ, ಅಲ್ಲಿ ಬೇಡ.

ಮುಲ್ಲಾಮಾರಿ ದಂಡೆ, ಬಸವಕಲ್ಯಾಣ

ಎಲ್ಲರ ಮಾತು ಓದಿದೆ. ರಾತ್ರಿ ಎದ್ದು ನನ್ನ ಬೀರು ತೆಗೆದು ನೋಡಿದೆ. 600 ಪುಸ್ತಕ ಇರಬಹುದು. ನನ್ನ ಮಕ್ಕಳು ಪುಣೆ, ಹೈದರಾಬಾದಿನಲ್ಲಿ. ನಾನು ಹೋದ ಮೇಲೆ ಅವರೂ ಗೋಣಿಚೀಲಕ್ಕೆ ತುಂಬಿ ಆಟೋದಲ್ಲಿ ಕಳಿಸುತ್ತಾರೆ, ಅದರಲ್ಲಿ ಸಂಶಯ ಇಲ್ಲ. ಹಾಗೆ ಹೋಗಬಾರದು ಅಂದರೆ ನಾನೇ ಈಗ ಆರಿಸಬೇಕು. ಕೂತು ಪಟ್ಟಿ ಮಾಡಲಿಕ್ಕೆ ಶುರು ಮಾಡಿದ್ದೇನೆ. ಮರಾಠಿಯವು ಬೇರೆ, ಕನ್ನಡದವು ಬೇರೆ. ಪಟ್ಟಿ ಕಳಿಸಿದರೆ ನಿಮಗೆ ಬೇಕಾದದ್ದಕ್ಕೆ ಮಾತ್ರ ಗುರುತು ಹಾಕಿ ಕಳಿಸ್ತೀರಾ? ಬೇಡವಾದದ್ದಕ್ಕೆ ಬೇಡ ಅಂತ ಬರೀರಿ. ನನಗೆ ಬೇಸರ ಆಗೋದಿಲ್ಲ.

ಓಣಿ ಕಪಾಟು, ಕಲಬುರಗಿ

ಕಾಕಾ, ಖಂಡಿತ ಕಳಿಸಿ. ನಾನೇ ಬಸವಕಲ್ಯಾಣಕ್ಕೆ ಬಂದು ನಿಮ್ಮ ಜೊತೆ ಕೂತು ನೋಡ್ತೀನಿ.

ಒಂದು ಪ್ರಶ್ನೆ ಉಳಿದಿದೆ. ಹೋದ ವರ್ಷ ಒಬ್ಬರು ಬಂದು, ಒಂದು ಪುಸ್ತಕದ ಹೆಸರು ಹೇಳಿ, ಅದು ನಮ್ಮ ಜನರಿಗೆ ಅವಮಾನ ಮಾಡುತ್ತೆ, ಇವತ್ತೇ ತೆಗೀಬೇಕು ಅಂತ ಜೋರು ಮಾಡಿದರು. ಆವತ್ತು ಕೂತಿದ್ದ ಹುಡುಗಿ ಹೆದರಿ ತೆಗೆದು ಒಳಗಿಟ್ಟಳು. ಅದು ಇವತ್ತಿಗೂ ಒಳಗೇ ಇದೆ. ಇದಕ್ಕೇನು ಮಾಡೋದು?

ಬಿದರಿ ಹೂಜಿ, ಬೀದರ್

ಮಾತಿನಲ್ಲಿ ಹೇಳಿದ ದೂರಿಗೆ ಪುಸ್ತಕ ಕಪಾಟಿನಿಂದ ಇಳಿಯಬಾರದು. ಒಂದು ಫಾರ್ಮ್ ಇಡಿ. ಪುಸ್ತಕ ಪೂರ್ತಿ ಓದಿದ್ದೀರಾ, ಯಾವ ಪುಟದ ಬಗ್ಗೆ ತಕರಾರು, ಏನಾಗಬೇಕು ಅಂತೀರಿ, ನಿಮ್ಮ ಹೆಸರು, ಸಹಿ. ಮೂರು ಜನ ಓದಿ ಒಂದು ತಿಂಗಳಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಿ. ಅಲ್ಲಿ ತನಕ ಪುಸ್ತಕ ಇದ್ದಲ್ಲೇ ಇರಲಿ. ಕೂತ ಹುಡುಗಿ ಒಬ್ಬಳೇ ಅಷ್ಟು ಭಾರ ಹೊರಬಾರದು. ಅವಳು ಫಾರ್ಮ್ ಕೊಟ್ಟು "ತುಂಬಿಕೊಡಿ ಸರ್" ಅಂದರೆ ಸಾಕು. ನೀತಿ ಇರೋದು ಆ ಹುಡುಗಿಗಾಗಿ.

ಓಣಿ ಕಪಾಟು, ಕಲಬುರಗಿ

ಮೂರು ವಾರ ಆಯಿತು. ಎಲ್ಲ ಕೂತು ಬರೆದೆವು. ಒಂದೂವರೆ ಪುಟ ಆಗಿದೆ. ಮುಖ್ಯವಾದ ಭಾಗ ಇಲ್ಲಿ ಹಾಕ್ತಾ ಇದ್ದೀನಿ.

"ಈ ಗ್ರಂಥಾಲಯ ಈ ಓಣಿಯಲ್ಲಿ ಇರೋರಿಗೆ ಮತ್ತು ಇಲ್ಲಿ ರೂಮ್ ಮಾಡಿ ಓದೋರಿಗೆ. ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಹಿಂದಿ, ಇಂಗ್ಲಿಷ್ ಪುಸ್ತಕ ಇಡುತ್ತೇವೆ. ಆಯಾ ಭಾಷೆ ಓದುವವರೇ ಆರಿಸುತ್ತಾರೆ. ವರ್ಷದ ದುಡ್ಡಿನಲ್ಲಿ ಪರೀಕ್ಷೆಯ ಪುಸ್ತಕಕ್ಕೆ ಮೂರನೇ ಒಂದು ಪಾಲು, ಮಕ್ಕಳ ಪುಸ್ತಕಕ್ಕೆ ಮೂರನೇ ಒಂದು ಪಾಲು, ಉಳಿದದ್ದು ಮಿಕ್ಕೆಲ್ಲಕ್ಕೆ. ಬಾಗಿಲಲ್ಲಿ ನೇತು ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನ ಪ್ರತಿ ತಿಂಗಳು ಓದಿ ತೀರ್ಮಾನ ಮಾಡುತ್ತೇವೆ. ದಾನ ಕೊಡುವವರು ಮೊದಲು ಪಟ್ಟಿ ಅಥವಾ ಫೋಟೋ ಕಳಿಸಬೇಕು. ಕೈಬರಹ ಮತ್ತು ನಮ್ಮ ಭಾಗದ ಯಾವುದೇ ಅಚ್ಚಿನ ಕಾಗದಕ್ಕೆ ಪಟ್ಟಿ ಬೇಡ, ಹಾಗೇ ತನ್ನಿ. ಒಪ್ಪಿಕೊಂಡ ದಾನ ಗ್ರಂಥಾಲಯದ್ದು, ಇಡುವುದು ಅಥವಾ ಬೇರೆಯವರಿಗೆ ಕೊಡುವುದು ಸಮಿತಿಯ ತೀರ್ಮಾನ. ತಪ್ಪು ಮಾಹಿತಿ ಇರುವ ಪುಸ್ತಕವನ್ನು ವರ್ಷಕ್ಕೊಮ್ಮೆ ತೆಗೆಯುತ್ತೇವೆ, ತೆಗೆದ ಪಟ್ಟಿಯನ್ನು ಬಾಗಿಲಿಗೆ ಹಚ್ಚುತ್ತೇವೆ. ಊರಿನ ಕಪಾಟಿನಿಂದ ಏನನ್ನೂ ತೆಗೆಯುವುದಿಲ್ಲ."

ತಕರಾರಿನ ಫಾರ್ಮ್ ಕೂಡ ಅಚ್ಚು ಹಾಕಿಸಿದ್ದೇವೆ. ಒಳಗಿಟ್ಟಿದ್ದ ಪುಸ್ತಕವನ್ನ ಆ ಹುಡುಗಿಯೇ ತಂದು ಅದರ ಜಾಗದಲ್ಲಿ ಇಟ್ಟಳು.

ಇಷ್ಟಾದ ಮೇಲೆ ಆಟೋ ಚೀಲದ ಮನೆಯವರು ಸಿಕ್ಕರು. ಡೈರಿಯೊಂದರಲ್ಲಿ ಅಂಗಡಿಯ ರಸೀದಿ ಇತ್ತು, ಅದರಿಂದ ಪತ್ತೆ ಆಯಿತು. ಮನೆ ಖಾಲಿ ಮಾಡುವಾಗ ತುಂಬಿದ್ದಂತೆ, ಒಳಗೇನಿದೆ ಅಂತ ಅವರೂ ನೋಡಿರಲಿಲ್ಲ. ಗೈಡುಗಳನ್ನ ರದ್ದಿಗೆ ಹಾಕ್ತೀವಿ ಅಂದಾಗ ಹೂಂ ಅಂದರು. ನೋಟ್‌ಬುಕ್ಕು ಕೈಗೆ ಕೊಟ್ಟೆ. ಆ ಅಮ್ಮ ಮೊದಲ ಪುಟ ತೆಗೆದು, "ಇದು ನಮ್ಮ ಅತ್ತೆಯವರ ಕೈ" ಅಂದರು. ಗಂಡಸರದ್ದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಕೆ ಅಲ್ಲೇ ಕಟ್ಟೆ ಮೇಲೆ ಕೂತು ಎರಡು ಪದ ಹಾಡಿದರು, ಪುಟ ನೋಡದೇ. ಗೆದ್ದಲು ತಿಂದ ಮೂಲೆಯ ಸಾಲುಗಳೂ ಅವರಿಗೆ ಬಾಯಿಗೆ ಬರುತ್ತವೆ. ಬರುವ ಭಾನುವಾರ ಮತ್ತೆ ಬರ್ತಾರೆ, ಕೂತು ಬರೆದುಕೊಳ್ತೀವಿ. ದಖ್ಖನಿ ಓದುಗ ಅವರೇ, ನಿಮ್ಮ ಹತ್ತಿರ ಒಳ್ಳೇ ರೆಕಾರ್ಡರ್ ಇದ್ದರೆ ತರ್ತೀರಾ?

ದಖ್ಖನಿ ಓದುಗ, ಕಲಬುರಗಿ

ತರ್ತೀನಿ. ಹತ್ತು ಗಂಟೆಗೆ ಅಲ್ಲಿರ್ತೀನಿ.